ಬಿಟ್ಟ ಸ್ವರವನ್ನು ಬಿಟ್ಟೇ ಬಿಡಿ

ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ತರಬೇತಿ ಮುಗಿಸಿದ ಕೆಡೆಟ್‌ಗಳು ಕೊನೆಯ ಹೆಜ್ಜೆ ಇಡುವಾಗ ಬ್ಯಾಂಡು ನುಡಿಸುವುದು ಸ್ಕಾಟ್ಲೆಂಡಿನ ‘ಆಲ್ಡ್ ಲ್ಯಾಂಗ್ ಸೈನ್’. ರವೀಂದ್ರನಾಥ ಟಾಗೋರರು ‘ಪುರಾನೋ ಶೇಯ್ ದಿನೇರ್ ಕಥಾ’ ಹಾಡನ್ನು ಕಟ್ಟಿದ್ದೂ ಇದೇ ಮಟ್ಟಿನ ಮೇಲೆ. ಪುಣೆಯಲ್ಲಿರಲಿ, ಕೋಲ್ಕತ್ತದಲ್ಲಿರಲಿ, ಈ ಮಟ್ಟು ಕಿವಿಗೆ ಬಿದ್ದಿರದವರು ಕಡಿಮೆ. ಒಮ್ಮೆ ಗುನುಗಿಕೊಂಡು ಸ್ವರ ಹಾಕಿ ನೋಡಿದರೆ ಸಿಗುವುದು ಇಷ್ಟೇ: ಸ, ರಿ, ಗ, ಪ, ದ. ಮಧ್ಯಮವಿಲ್ಲ, ನಿಷಾದವಿಲ್ಲ. ಮೋಹನದ ಸ್ವರಗಳು. ಮೋಹನದ ಗಮಕವಾಗಲಿ ಸಂಚಾರವಾಗಲಿ ಇಲ್ಲಿಲ್ಲ, ಸ್ವರಗಳು ಮಾತ್ರ ಅವೇ.

ಇದೇ ಮಟ್ಟನ್ನು ಹಿತ್ತಾಳೆ ವಾದ್ಯಗಳ ಬ್ಯಾಂಡಿನಲ್ಲೋ, ಕಾಯಿರ್‌ನಲ್ಲೋ, ಪಿಯಾನೋ ಪುಸ್ತಕದಲ್ಲೋ ಕೇಳಿದರೆ ಚಿತ್ರವೇ ಬೇರೆ. ಮೇಲಿನ ಧ್ವನಿ ಆ ಐದು ಸ್ವರಗಳಲ್ಲೇ ನಡೆಯುತ್ತಿರುತ್ತದೆ. ಕೆಳಗಿನ ಧ್ವನಿಗಳಲ್ಲಿ ಮಧ್ಯಮ, ನಿಷಾದ ಎರಡೂ ಸಾಲುಸಾಲಾಗಿ ಬರುತ್ತಿರುತ್ತವೆ. ಮಟ್ಟು ಬಿಟ್ಟದ್ದನ್ನು ಹಾರ್ಮನಿ ತುಂಬುತ್ತದೆ. ತುಂಬಿದವರಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಖಾಲಿ ಜಾಗ ಇತ್ತು, ತುಂಬಿದೆವು ಎನ್ನುತ್ತಾರೆ. ತಪ್ಪಿರುವುದೇ ಅಲ್ಲಿ. ಅದು ಖಾಲಿ ಜಾಗವಲ್ಲ. ವರ್ಜ್ಯ ಸ್ವರ ಎಂಬ ಮಾತನ್ನು ಸಂಗೀತದ ಮೊದಲ ಪಾಠಗಳಲ್ಲೇ ಕೇಳಿದ ಕನ್ನಡದ ಕಿವಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಬಿಟ್ಟ ಸ್ವರವೂ ಇಟ್ಟ ಸ್ವರದಷ್ಟೇ ಮಟ್ಟಿನ ಗುರುತು.

ಹಳೆಯ ಸ್ಕಾಟಿಷ್ ಮಟ್ಟುಗಳನ್ನು ಲ್ಯೂಟ್ ವಾದ್ಯಕ್ಕೆ ಅಳವಡಿಸುವ ಕೆಲಸ ಕಳೆದ ಕೆಲವು ದಶಕಗಳಲ್ಲಿ ಮತ್ತೆ ಜೀವ ಪಡೆದಿದೆ. ಲ್ಯೂಟ್ ಅರಬ್ಬರ ಊದ್‌ನಿಂದ ಬಂದದ್ದು. ಅರ್ಧ ಸೀಳಿದ ಪೇರು ಹಣ್ಣಿನಂಥ ಬೆನ್ನು, ಕರುಳಿನ ಜೋಡಿ ತಂತಿಗಳು, ಕುತ್ತಿಗೆಗೆ ದಾರದಂತೆ ಸುತ್ತಿ ಕಟ್ಟಿದ, ಬೇಕೆಂದರೆ ಅತ್ತಿತ್ತ ಸರಿಸಬಹುದಾದ ಮೆಟ್ಟಿಲುಗಳು. 16 ಮತ್ತು 17ನೇ ಶತಮಾನದ ಯುರೋಪಿನಲ್ಲಿ ಇದರ ಸ್ಥಾನ ಮುಂದೆ ಪಿಯಾನೋಗೆ ಸಿಕ್ಕ ಸ್ಥಾನದಂಥದ್ದು. ಈ ಪುನರುಜ್ಜೀವನ ಸಂತೋಷದ ವಿಷಯ. ಆದರೆ ಈಗ ಹೊಸದಾಗಿ ಬರುತ್ತಿರುವ ಅಳವಡಿಕೆಗಳಲ್ಲಿ ಹಲವು, ಪಿಯಾನೋ ಪುಸ್ತಕಗಳು ಮಾಡಿದ ಕೆಲಸವನ್ನೇ ಕರುಳಿನ ತಂತಿಯ ಮೇಲೆ ಮಾಡುತ್ತಿವೆ. ವಾದ್ಯ ಹಳೆಯದಾದ ಮಾತ್ರಕ್ಕೆ ಅಳವಡಿಕೆ ಪ್ರಾಮಾಣಿಕವಾಗುವುದಿಲ್ಲ.

ತಾಂತ್ರಿಕ ಮಾತನ್ನು ಮೊದಲು ಮುಗಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ವಾದ ನಿಂತಿರುವುದು ಅದರ ಮೇಲೆ. ಪಾಶ್ಚಾತ್ಯ ಹಾರ್ಮನಿಯ ಪಠ್ಯಪುಸ್ತಕ ಮೂರು ಕಾರ್ಡುಗಳನ್ನು ಮನೆಯ ಕಂಬಗಳಂತೆ ಕಲಿಸುತ್ತದೆ. ಷಡ್ಜದ ಮೇಲೆ ಸ-ಗ-ಪ, ಮಧ್ಯಮದ ಮೇಲೆ ಮ-ದ-ಸ, ಪಂಚಮದ ಮೇಲೆ ಪ-ನಿ-ರಿ. ಐದು ಸ್ವರದ ಮಟ್ಟಿಗೆ ಇವನ್ನು ಹಚ್ಚಿದರೆ ಮೊದಲನೆಯದು ಹೊಂದುತ್ತದೆ. ಎರಡನೆಯದಕ್ಕೆ ಮಟ್ಟಿನಲ್ಲಿಲ್ಲದ ಮಧ್ಯಮ ಬೇಕು. ಮೂರನೆಯದಕ್ಕೆ ಮಟ್ಟಿನಲ್ಲಿಲ್ಲದ ನಿಷಾದ ಬೇಕು. ಮೂರು ಕಂಬಗಳಲ್ಲಿ ಎರಡು ಹೊರಗಿನಿಂದ ತಂದವು. ಆ ಐದೇ ಸ್ವರಗಳೊಳಗೆ ಹುಡುಕಿದರೆ ಮೂರು ಸ್ವರದ ಪೂರ್ಣ ಕಾರ್ಡು ಸಿಗುವುದು ಎರಡೇ: ಸ-ಗ-ಪ ಮತ್ತು ದ-ಸ-ಗ. ಆದರೆ ಎರಡೇ ಸ್ವರದ, ನಡುವೆ ಏನೂ ಇಲ್ಲದ ಪಂಚಮದ ಜೋಡಿಗಳು ನಾಲ್ಕು ಸಿಗುತ್ತವೆ: ಸ-ಪ, ಪ-ರಿ, ರಿ-ದ, ದ-ಗ. ಅಂದರೆ ಈ ಮಟ್ಟುಗಳಿಗೆ ಜೊತೆಯೇ ಇಲ್ಲವೆಂದಲ್ಲ. ಅವುಗಳ ಜೊತೆ ಅವುಗಳ ಒಳಗೇ ಇದೆ. ಅದು ತೆಳು, ಅಷ್ಟೇ.

ಎಲ್ಲ ಹಳೆಯ ಸ್ಕಾಟಿಷ್ ಮಟ್ಟುಗಳೂ ಐದು ಸ್ವರದವಲ್ಲ. ಆರು ಸ್ವರದವಿವೆ, ಏಳು ಸ್ವರದವೂ ಇವೆ. ಅಲ್ಲಿ ಜಗಳ ನಿಷಾದದ್ದು. ಸ್ಕಾಟ್ಲೆಂಡಿನ ದೊಡ್ಡ ಬ್ಯಾಗ್‌ಪೈಪಿನಲ್ಲಿ ಇರುವುದು ಒಂಬತ್ತು ಸ್ವರ. ಅದರ ಆಧಾರ ಸ್ವರಕ್ಕೆ ಹೋಲಿಸಿದರೆ ನಿಷಾದ ಕೈಶಿಕಿ. ಆ ಊರಿನ ಎಷ್ಟೋ ಹಾಡುಗಳದ್ದೂ ಅದೇ. ಆದರೆ ಪಠ್ಯಪುಸ್ತಕದ ಹಾರ್ಮನಿಗೆ ಮುಕ್ತಾಯದಲ್ಲಿ ಕಾಕಲಿ ನಿಷಾದ ಬೇಕೇ ಬೇಕು. ಷಡ್ಜಕ್ಕೆ ಅಂಟಿಕೊಂಡು, ಅದರೆಡೆಗೆ ತಳ್ಳುವ ನಿಷಾದ. ಹಾಗಾಗಿ ಸಂಪಾದಕರು ಏನು ಮಾಡಿದರು? ಕಾರ್ಡಿನಲ್ಲಿ ಕಾಕಲಿ ಹಾಕಿದರು. ಮಟ್ಟಿನ ಕೈಶಿಕಿ ಅದಕ್ಕೆ ತಾಗಿ ಕರಕರ ಎಂದಿತು. ಆಗ ಮಟ್ಟನ್ನೇ ತಿದ್ದಿದರು. ಜೊತೆಗೆ ಬಂದವರು ಮನೆಯವರ ಹೆಸರು ಬದಲಿಸಿದಂತಾಯಿತು. ಇನ್ನು ಕೆಲವು ಮಟ್ಟುಗಳಲ್ಲಿ ಎರಡು ಆಧಾರ ಸ್ವರಗಳಿರುತ್ತವೆ. ಒಂದು ಸಾಲು ಷಡ್ಜದ ಮೇಲೆ, ಮರುಸಾಲು ಅದೇ ನಡೆ ಒಂದು ಸ್ವರ ಕೆಳಗೆ, ಕೈಶಿಕಿ ನಿಷಾದದ ಮೇಲೆ, ಮತ್ತೆ ವಾಪಸ್. ಈ ತೂಗಾಟವೇ ಮಟ್ಟಿನ ಜೀವ. ಅದರ ನಡುವೆ ಪಂಚಮದ ಕಾರ್ಡು ತುರುಕಿದರೆ ತೂಗಾಟ ನಿಂತುಹೋಗುತ್ತದೆ.

ಈ ತಿದ್ದುಪಡಿ ಕೆಲಸ ಎಲ್ಲಕ್ಕಿಂತ ಅದ್ದೂರಿಯಾಗಿ ನಡೆದದ್ದು ಎಡಿನ್‌ಬರೋದಲ್ಲಿ, ಜಾರ್ಜ್ ಥಾಮ್ಸನ್ ಎಂಬ ಗುಮಾಸ್ತನ ಕೈಯಿಂದ. 1757ರಲ್ಲಿ ಹುಟ್ಟಿ 1851ರವರೆಗೆ ಬದುಕಿದ ಈತ ಕಲೆ ಮತ್ತು ಕೈಗಾರಿಕೆಗಳ ಉತ್ತೇಜನಕ್ಕಾಗಿದ್ದ ಸರ್ಕಾರಿ ಮಂಡಳಿಯಲ್ಲಿ ನೌಕರ. ತನ್ನ ನಾಡಿನ ಹಾಡುಗಳ ಮೇಲೆ ಈತನಿಗೆ ಮೋಹ ಹುಟ್ಟಿದ್ದು ಸೇಂಟ್ ಸಿಸಿಲಿಯಾ ಹಾಲ್‌ನಲ್ಲಿ ಟೆಂಡುಚ್ಚಿ ಎಂಬ ಇಟಲಿಯ ಗಾಯಕ ಹಾಡಿದ್ದನ್ನು ಕೇಳಿ. ಊರಿನ ಹಾಡು ಊರಿನ ಬಾಯಿಂದಲ್ಲ, ಇಟಲಿಯ ಕಂಠದಿಂದ ಬಂದಾಗ ಚಂದ ಕಂಡಿತು. ಮುಂದಿನದೆಲ್ಲ ಅದರದೇ ಮುಂದುವರಿಕೆ. ಥಾಮ್ಸನ್ ಪ್ಲೆಯೆಲ್, ಕೋಝೆಲುಹ್, ಹೈಡನ್, ಬೀಥೋವನ್, ವೇಬರ್, ಹಮ್ಮೆಲ್ ಇವರಿಗೆಲ್ಲ ಹಣ ಕೊಟ್ಟು ಪಿಯಾನೋ, ಪಿಟೀಲು, ಚೆಲ್ಲೋಗಳ ಹಿಮ್ಮೇಳ ಬರೆಸಿದ. ಹೈಡನ್ ಆಗಲಿ ಬೀಥೋವನ್ ಆಗಲಿ ಸ್ಕಾಟ್ಲೆಂಡಿಗೆ ಕಾಲಿಟ್ಟವರಲ್ಲ. ಬೀಥೋವನ್‌ಗೆ ಎಷ್ಟೋ ಸಲ ಬರೀ ಮಟ್ಟು ಹೋಗುತ್ತಿತ್ತು, ಸಾಹಿತ್ಯ ಹೋಗುತ್ತಿರಲಿಲ್ಲ. ಸಾಹಿತ್ಯ ಕಳಿಸಿ ಎಂದು ಆತ ಪತ್ರ ಬರೆದು ಕೇಳಬೇಕಾಯಿತು. ಹೈಡನ್ ಹೆಸರಿನಲ್ಲಿ ಹೋದ ಕೆಲವು ಹಿಮ್ಮೇಳಗಳನ್ನು ಬರೆದವನು ಆತನ ಶಿಷ್ಯ ನ್ಯೂಕೋಮ್. ಎಡಿನ್‌ಬರೋದ ಮನೆಗಳಲ್ಲಿ ಪಿಯಾನೋ ಕಲಿಯುತ್ತಿದ್ದ ಹೆಣ್ಣುಮಕ್ಕಳಿಗೆ ಬೀಥೋವನ್ ಬರೆದದ್ದು ಕಷ್ಟವಾಗುತ್ತದೆ, ಸರಳ ಮಾಡಿ ಎಂದು ಥಾಮ್ಸನ್ ಗೋಗರೆದ. ಅಂದರೆ ಹಾರ್ಮನಿಯ ಅಳತೆ ತೆಗೆದದ್ದು ಹಾಡಿನ ಮೈ ನೋಡಿ ಅಲ್ಲ, ಕೊಳ್ಳುವವರ ಕೈ ನೋಡಿ.

ಆಗಲೇ ಒಬ್ಬ ಎಚ್ಚರಿಸಿದ್ದ. ಥಾಮ್ಸನ್‌ನ ಸಂಗ್ರಹಕ್ಕೆ ನೂರಕ್ಕೂ ಹೆಚ್ಚು ಹಾಡು ಬರೆದುಕೊಟ್ಟ ರಾಬರ್ಟ್ ಬರ್ನ್ಸ್ 1793ರಲ್ಲಿ ಬರೆದ ಪತ್ರದಲ್ಲಿ, ಈ ಮಟ್ಟುಗಳ ಹುಟ್ಟುಗುಣವನ್ನು ಉಳಿಸಿ, ಅವು ಈಗಿನ ನಿಯಮಗಳಿಗೆ ಬಗ್ಗದಿರಬಹುದು, ಅವುಗಳ ಪರಿಣಾಮ ಬಹುಶಃ ಆ ಬಗ್ಗದಿರುವಿಕೆಯಲ್ಲೇ ಇದೆ ಎಂಬ ಅರ್ಥದ ಮಾತು ಹೇಳಿದ್ದ. ಇದೇ ಬರ್ನ್ಸ್ ಜೇಮ್ಸ್ ಜಾನ್ಸನ್ನನ ‘ಸ್ಕಾಟ್ಸ್ ಮ್ಯೂಸಿಕಲ್ ಮ್ಯೂಸಿಯಂ’ಗೂ ದುಡಿದವನು. 1787ರಿಂದ 1803ರವರೆಗೆ ಆರು ಸಂಪುಟಗಳಲ್ಲಿ 600 ಹಾಡುಗಳನ್ನು ಅಚ್ಚು ಹಾಕಿದ ಆ ಸಂಗ್ರಹದಲ್ಲಿ ಸ್ಟೀಫನ್ ಕ್ಲಾರ್ಕ್ ಕೊಟ್ಟದ್ದು ಮಟ್ಟಿನ ಕೆಳಗೆ ಒಂದು ಸರಳ ಬೇಸ್ ಸಾಲು ಮಾತ್ರ. ಥಾಮ್ಸನ್‌ನ ಪುಸ್ತಕಗಳು ನೋಡಲು ಚಂದ. ಜಾನ್ಸನ್ನನದು ಬಡವರ ಮನೆಯ ಪುಸ್ತಕದಂತಿತ್ತು. ಇಂದು ಹಾಡುಗಾರರು ಹುಡುಕಿಕೊಂಡು ಹೋಗುವುದು ಎರಡನೆಯದನ್ನು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಬೀಥೋವನ್‌ನ ಹಿಮ್ಮೇಳಗಳಲ್ಲಿ, 1818ರಲ್ಲಿ ಎಡಿನ್‌ಬರೋದಲ್ಲಿ ಅಚ್ಚಾದ 25 ಸ್ಕಾಟಿಷ್ ಹಾಡುಗಳಲ್ಲಿ, ಕೆಲವು ನಿಜಕ್ಕೂ ಸುಂದರ. ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅಲ್ಲಿ ಕೇಳುವುದು ಬೀಥೋವನ್ನನ್ನು. ಮಟ್ಟು ಅವನ ಕೈಯ ಕಚ್ಚಾ ಸಾಮಗ್ರಿ. ಮಹಾಕಲಾವಿದ ಯಾವುದನ್ನು ಬೇಕಾದರೂ ಕಚ್ಚಾ ಸಾಮಗ್ರಿ ಮಾಡಿಕೊಳ್ಳಲಿ. ಅದರ ಹೆಸರಿನಲ್ಲಿ ಅದೇ ವ್ಯಾಕರಣವನ್ನು ಸಾಮಾನ್ಯ ಸಂಗ್ರಹಕಾರರು ನೂರಾರು ಮಟ್ಟುಗಳ ಮೇಲೆ ಯಂತ್ರದಂತೆ ಹೊಡೆಯುತ್ತಾ ಹೋದದ್ದು, ಮತ್ತು ಅದನ್ನೇ ‘ಹಳೆಯ ಸ್ಕಾಟಿಷ್ ಸಂಗೀತ’ ಎಂದು ಮಾರಿದ್ದು, ಆಕ್ಷೇಪಿಸಬೇಕಾದ ವಿಷಯ.

ಬೇರೆ ದಾರಿ ಇರಲಿಲ್ಲವೇ? ಇತ್ತು. ಥಾಮ್ಸನ್‌ಗೆ ನೂರೈವತ್ತು ವರ್ಷ ಮೊದಲೇ ಇತ್ತು, ಲ್ಯೂಟ್‌ನ ಮೇಲೆಯೇ ಇತ್ತು.

ಸ್ಕಾಟ್ಲೆಂಡಿನ ಆಸ್ಥಾನದಲ್ಲಿ ಲ್ಯೂಟ್ ಹೊಸದೇನಲ್ಲ. ನಾಲ್ಕನೆಯ ಜೇಮ್ಸ್ ದೊರೆ 1503ರಲ್ಲಿ ತನ್ನ ವಧು ಮಾರ್ಗರೆಟ್ ಟ್ಯೂಡರ್ ಎದುರು ಸ್ವತಃ ಲ್ಯೂಟ್ ನುಡಿಸಿದ. 1603ರಲ್ಲಿ ಆರನೆಯ ಜೇಮ್ಸ್ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿ ಲಂಡನ್ನಿಗೆ ಹೋದಾಗ ಆಸ್ಥಾನವೂ ಹೋಯಿತು, ಆಶ್ರಯವೂ ಹೋಯಿತು. ಲ್ಯೂಟ್ ಉಳಿದದ್ದು ಹಳ್ಳಿಗಾಡಿನ ಜಮೀನುದಾರರ ಮನೆಗಳಲ್ಲಿ, ಅವರು ತಮ್ಮ ಖುಷಿಗೆ ಬರೆದುಕೊಂಡ ಪುಸ್ತಕಗಳಲ್ಲಿ. ರೋವಲನ್‌ನ ವಿಲಿಯಂ ಮ್ಯೂರ್ ಬರೆದಿಟ್ಟದ್ದು ಒಂದು. ಸ್ಟ್ರಾಲಾಕ್‌ನ ರಾಬರ್ಟ್ ಗಾರ್ಡನ್ 1627ರಿಂದ 1629ರ ನಡುವೆ ಬರೆದದ್ದು ಇನ್ನೊಂದು. ಅದರ ಮೂಲ ಕಳೆದುಹೋಗಿದೆ. 19ನೇ ಶತಮಾನದಲ್ಲಿ ಜಾರ್ಜ್ ಫಾರ್ಕರ್ ಗ್ರಹಾಂ ತನಗೆ ಮುಖ್ಯ ಎನಿಸಿದ್ದನ್ನು ನಕಲು ಮಾಡಿಕೊಂಡದ್ದಷ್ಟೇ ಉಳಿದಿದೆ. ಹದಿಹರೆಯದ ಲೇಡಿ ಮಾರ್ಗರೆಟ್ ವೀಮ್ಸ್ 1640ರ ದಶಕದಲ್ಲಿ ಬರೆದುಕೊಂಡದ್ದು ಮತ್ತೊಂದು. ಲ್ಯೂಟ್‌ನ ಪುಟ್ಟ ತಂಗಿಯಂಥ ಮ್ಯಾಂಡೋರ್‌ಗಾಗಿ ಬರೆದ ಸ್ಕೀನ್ ಹಸ್ತಪ್ರತಿಯಲ್ಲಿ ‘ಫ್ಲವರ್ಸ್ ಆಫ್ ದ ಫಾರೆಸ್ಟ್’ ಮಟ್ಟಿನ ನಮಗೆ ಸಿಕ್ಕ ಅತಿ ಹಳೆಯ ರೂಪವಿದೆ. 1838ರಲ್ಲಿ ವಿಲಿಯಂ ಡೌನಿ ಅದನ್ನು ಅಚ್ಚಿಗೆ ತಂದ. ಶತಮಾನದ ಕೊನೆಯ ಹೊತ್ತಿಗೆ ಬಂದ ಬಾಲ್ಕಾರಸ್ ಹಸ್ತಪ್ರತಿ ಎಲ್ಲಕ್ಕಿಂತ ದೊಡ್ಡದು. ಹನ್ನೊಂದು ತಂತಿಸಾಲಿನ ಲ್ಯೂಟ್‌ಗೆ ಬರೆದ ಸುಮಾರು 250 ರಚನೆಗಳು ಅದರಲ್ಲಿವೆ.

ಈ ಪುಸ್ತಕಗಳು ಸ್ವರಲಿಪಿಯಲ್ಲಿಲ್ಲ, ಟ್ಯಾಬ್ಲೇಚರ್‌ನಲ್ಲಿವೆ. ಒಂದೊಂದು ಗೆರೆ ಒಂದೊಂದು ತಂತಿ. ಅದರ ಮೇಲೆ ಬರೆದ ಅಕ್ಷರ ಬೆರಳು ಯಾವ ಮೆಟ್ಟಿಲಿಗೆ ಹೋಗಬೇಕೆಂದು ಹೇಳುತ್ತದೆ. ಇದು ಸಣ್ಣ ವಿವರವಲ್ಲ, ಈ ವಾದದ ಮುಖ್ಯ ಸಾಕ್ಷಿ. ಆ ಕಾಲದ ಸ್ವರಲಿಪಿಯಲ್ಲಿ ನಿಷಾದ ಬರೆದಿದ್ದರೆ, ಅದು ಕೈಶಿಕಿಯಂತೆ ಕಂಡರೂ ಗಾಯಕ ಮುಕ್ತಾಯದಲ್ಲಿ ತಾನಾಗಿಯೇ ಕಾಕಲಿ ಹಾಡುತ್ತಿದ್ದ ಎಂದು ವಾದಿಸಬಹುದು. ಎಷ್ಟೋ ಸಲ ಆ ವಾದ ನಿಜವೂ ಹೌದು. ಟ್ಯಾಬ್ಲೇಚರ್‌ನಲ್ಲಿ ಆ ಜಾಗವಿಲ್ಲ. ಮೂರನೆಯ ಮೆಟ್ಟಿಲು ಎಂದರೆ ಮೂರನೆಯ ಮೆಟ್ಟಿಲು. ಬರೆದವರು ಕೈಶಿಕಿಯನ್ನು ಬರೆದಿದ್ದರೆ ಕೈಶಿಕಿಯನ್ನೇ ನುಡಿಸಿದ್ದಾರೆ. ‘ಅವರಿಗೂ ಕಾಕಲಿಯೇ ಬೇಕಿತ್ತು, ಬರೆಯಲಿಲ್ಲ ಅಷ್ಟೇ’ ಎನ್ನುವ ಸಂಪಾದಕರಿಗೆ ಈ ಗೆರೆಗಳು ಕೊಡುವ ಉತ್ತರ ಚಿಕ್ಕದು, ಸ್ಪಷ್ಟ.

ಈ ಹಸ್ತಪ್ರತಿಗಳಲ್ಲಿ ಊರಿನ ಮಟ್ಟುಗಳಿಗೆ ಸಿಕ್ಕ ಜೊತೆ ಎಂಥದು? ಬಹುಪಾಲು ತೆಳುವಾದದ್ದು. ಸಾಲಿನ ಆರಂಭಕ್ಕೆ ಒಂದು ಮಂದ್ರ ಸ್ವರ, ಮುಗಿಯುವಲ್ಲಿ ಒಂದು ಕಾರ್ಡು, ನಡುವೆ ಒಂಟಿ ಮಟ್ಟು. ಸ್ಕೀನ್‌ನಲ್ಲಂತೂ ಹಲವು ಕಡೆ ಮಟ್ಟಿಗೆ ಜೊತೆಯೇ ಇಲ್ಲವೆನ್ನುವಷ್ಟು ಕಡಿಮೆ. ಬಾಲ್ಕಾರಸ್‌ನ ಹೊತ್ತಿಗೆ ಬೇಸ್ ತುಂಬಿಕೊಂಡಿದೆ, ಹಳೆಯ ಮಟ್ಟುಗಳಿಗೆ ಹೊಸ ಅಲಂಕಾರ ಬಂದಿದೆ. ಅಲ್ಲಿಯೂ ಮಟ್ಟೇ ಮುಂದೆ.

ಇದಕ್ಕೆ ಸಿಗುವ ಸಿದ್ಧ ಉತ್ತರ ಒಂದಿದೆ. ಅವರು ಹವ್ಯಾಸಿಗಳು, ಅವರಿಗೆ ಹಾರ್ಮನಿ ಬರುತ್ತಿರಲಿಲ್ಲ, ಬಂದಿದ್ದರೆ ತುಂಬುತ್ತಿದ್ದರು ಎಂಬುದು. ಈ ಉತ್ತರ ನಿಲ್ಲುವುದಿಲ್ಲ. ಅದೇ ಮನೆಗಳಲ್ಲಿ, ಅದೇ ಪುಸ್ತಕಗಳ ಪಕ್ಕದ ಹಾಳೆಗಳಲ್ಲಿ ಫ್ರೆಂಚ್ ಕುಣಿತದ ರಚನೆಗಳಿವೆ. ವೀಮ್ಸ್ ಪುಸ್ತಕದಲ್ಲಿ ಪ್ಯಾರಿಸ್ಸಿನ ಲ್ಯೂಟ್ ಗುರುಗಳ ರಚನೆಗಳು ತಮ್ಮ ಪೂರ್ಣ ವೈಭವದಲ್ಲಿವೆ. ಆ ಹುಡುಗಿಗೆ ಎರಡೂ ಗೊತ್ತಿತ್ತು. ಫ್ರೆಂಚ್ ಕುಣಿತಕ್ಕೆ ಫ್ರೆಂಚ್ ಉಡುಗೆ, ಊರಿನ ಮಟ್ಟಿಗೆ ಊರಿನ ಉಡುಗೆ. ಅದನ್ನು ಅಜ್ಞಾನ ಎನ್ನುವುದು ಅನ್ಯಾಯ. ಅದು ವಿವೇಕ.

ಲ್ಯೂಟ್ ಎಂಬ ವಾದ್ಯವೂ ಇದಕ್ಕೆ ಒಗ್ಗುತ್ತದೆ. ಅದರ ನಾದ ಹುಟ್ಟಿದ ಕೂಡಲೇ ಆರತೊಡಗುತ್ತದೆ. ಪಿಯಾನೋ ಪೆಡಲಿನಂತೆ ಕಾರ್ಡು ಹರಡಿಕೊಂಡು ಕೂರುವುದಿಲ್ಲ. ಬಿಡಿ ತಂತಿಯ ಮಂದ್ರ ಮಾತ್ರ ಸ್ವಲ್ಪ ಹೊತ್ತು ನಿಂತು, ಮೇಲೆ ಮಟ್ಟು ನಡೆಯುತ್ತಿರುವಾಗ ತಂಬೂರಿಯ ಶ್ರುತಿಯಂತೆ ಕೆಳಗೆ ಹರಡಿರುತ್ತದೆ. ಟ್ಯಾಬ್ಲೇಚರ್ ಸ್ವರ ಎಲ್ಲಿ ಹುಟ್ಟುತ್ತದೆ ಎಂದು ಹೇಳುತ್ತದೆ, ಎಷ್ಟು ಹೊತ್ತು ಉಳಿಯಬೇಕೆಂದು ಹೇಳುವುದಿಲ್ಲ. ಅದನ್ನು ತಂತಿಗೂ ನುಡಿಸುವವರ ಬೆರಳಿಗೂ ಬಿಡುತ್ತದೆ. ಮೆಟ್ಟಿಲುಗಳನ್ನು ಸರಿಸಿಕೊಳ್ಳಬಹುದಾದ್ದರಿಂದ ಗಾಂಧಾರ, ನಿಷಾದಗಳನ್ನು ಪಿಯಾನೋದ ಸ್ಥಿರ ಜಾಗದಿಂದ ಒಂದಿಷ್ಟು ಅತ್ತಿತ್ತ ಕೂರಿಸಿಕೊಳ್ಳಲೂ ಬರುತ್ತದೆ.

ಹಾಗಿದ್ದರೂ ಇಂದಿನ ಅಳವಡಿಕೆಗಾರರಲ್ಲಿ ಹಲವರು ಈ ದಾರಿ ಬಿಟ್ಟು ಎರಡು ಗುಂಡಿಗಳಲ್ಲಿ ಒಂದಕ್ಕೆ ಬೀಳುತ್ತಾರೆ. ಮೊದಲನೆಯದು ಡೌಲ್ಯಾಂಡ್ ಗುಂಡಿ. ಲ್ಯೂಟ್ ಕಲಿಯುವವರೆಲ್ಲ ಇಂಗ್ಲೆಂಡಿನ ಜಾನ್ ಡೌಲ್ಯಾಂಡ್‌ನ ರಚನೆಗಳಲ್ಲಿ ಪಳಗುತ್ತಾರೆ. ಒಂದರೊಳಗೊಂದು ಹೆಣೆದ ಮೂರು ನಾಲ್ಕು ಧ್ವನಿ, ತಡೆದು ಬಿಡುವ ಅಪಸ್ವರ, ಕಾಕಲಿಯಿಂದ ಷಡ್ಜಕ್ಕೆ ಏರುವ ಅಚ್ಚುಕಟ್ಟಾದ ಮುಕ್ತಾಯ. ಅದು ಮಹಾಸಂಗೀತ. ಆದರೆ ಅದೇ ಅಂಗಿಯನ್ನು ಐದು ಸ್ವರದ ಕುರಿಗಾಹಿ ಹಾಡಿಗೆ ತೊಡಿಸಿದರೆ ತೋಳು ಉದ್ದ, ಕೊರಳು ಬಿಗಿ. ಎರಡನೆಯದು ಮಂಜಿನ ಗುಂಡಿ. ‘ಕೆಲ್ಟಿಕ್’ ಎಂಬ ಚೀಟಿ ಅಂಟಿಸಿ, ಪ್ರತಿ ಮಟ್ಟನ್ನೂ ನಿಧಾನ ಮಾಡಿ, ಕಾರ್ಡಿನ ಮೇಲೆ ಕಾರ್ಡು ಹರಡಿ, ಪ್ರತಿಧ್ವನಿಯಲ್ಲಿ ಅದ್ದಿ ತೆಗೆಯುವುದು. ಕುಣಿತದ ಮಟ್ಟೂ ಅಲ್ಲಿ ಜೋಗುಳವಾಗುತ್ತದೆ, ಯುದ್ಧದ ಶೋಕವೂ ಜೋಗುಳವಾಗುತ್ತದೆ.

ಇನ್ನೊಂದು ತುದಿಯಲ್ಲಿ ಶುದ್ಧವಾದಿಗಳಿದ್ದಾರೆ. ಜೊತೆಯೇ ಬೇಡ, ಒಂಟಿ ಕಂಠವೇ ಸತ್ಯ, ಉಳಿದದ್ದೆಲ್ಲ ಕಲಬೆರಕೆ ಎನ್ನುವವರು. ಅವರ ಕೋಪಕ್ಕೆ ಕಾರಣವಿದೆ. 1951ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಸ್ಕೂಲ್ ಆಫ್ ಸ್ಕಾಟಿಷ್ ಸ್ಟಡೀಸ್ ಶುರುವಾದ ಮೇಲೆ ಹ್ಯಾಮಿಷ್ ಹೆಂಡರ್ಸನ್ ಮತ್ತಿತರರು ಊರೂರು ತಿರುಗಿ ಮಾಡಿದ ಧ್ವನಿಮುದ್ರಣಗಳಲ್ಲಿ ಆ್ಯಬರ್ಡೀನಿನ ಜೀನಿ ರಾಬರ್ಟ್‌ಸನ್ ಅಂಥವರ ಹಾಡು ಕೇಳಿದವರಿಗೆ ಪಿಯಾನೋ ಹಿಮ್ಮೇಳ ಸಹಿಸುವುದು ಕಷ್ಟ. ಆದರೆ ಜೊತೆಯೇ ಕೂಡದು ಎನ್ನುವುದು ರೋವಲನ್‌ನಿಂದ ಬಾಲ್ಕಾರಸ್‌ವರೆಗೆ ನೂರು ವರ್ಷ ನಡೆದ ಒಂದು ಪರಂಪರೆಯನ್ನು ಅಳಿಸಿಹಾಕಿದಂತೆ. ಆ ಪರಂಪರೆ ತೋರಿಸುವುದು ಇಷ್ಟೇ: ಬೆರೆಯುವುದು ಬೇರೆ, ನುಂಗುವುದು ಬೇರೆ. ಲ್ಯೂಟ್ ಹೊರಗಿನಿಂದ ಬಂದ ವಾದ್ಯ. ಬಂದು, ಊರಿನ ಮಟ್ಟಿನ ಪಕ್ಕ ಕೂತು, ಅದು ಹೇಳುವವರೆಗೆ ಬಾಯಿ ಮುಚ್ಚಿಕೊಂಡಿರಲು ಕಲಿಯಿತು.

ಹಾಗಾದರೆ ಅಳವಡಿಸುವವರು ಮಾಡಬೇಕಾದ್ದೇನು? ಮಟ್ಟನ್ನು ಮೊದಲು ಒಂಟಿಯಾಗಿ ನುಡಿಸಿ, ಅದರಲ್ಲಿರುವ ಸ್ವರಗಳನ್ನು ಪಟ್ಟಿ ಮಾಡಬೇಕು. ಪಟ್ಟಿಯಲ್ಲಿಲ್ಲದ ಸ್ವರವನ್ನು ಜೊತೆಯಲ್ಲಿ ತರುವ ಮುನ್ನ ಯಾಕೆ ಬೇಕೆಂದು ತನಗೆ ತಾನೇ ಲೆಕ್ಕ ಒಪ್ಪಿಸಬೇಕು. ‘ಕಾರ್ಡು ಪೂರ್ತಿಯಾಗಲಿ ಎಂದು’ ಎಂಬುದು ಲೆಕ್ಕವಲ್ಲ. ಪಂಚಮದ ಮೇಲೆ ನಿಲ್ಲಬೇಕಾದಲ್ಲಿ ನಿಷಾದ ಬಿಟ್ಟು ಪ-ರಿ ಎಂಬ ಖಾಲಿ ಜೋಡಿ ಸಾಕು. ಕೈಶಿಕಿ ಇರುವ ಮಟ್ಟಿಗೆ ಕೈಶಿಕಿಯ ಮೇಲೇ ಕಾರ್ಡು ಕಟ್ಟಬೇಕು, ಕಾಕಲಿ ತಂದು ತಳ್ಳಬಾರದು. ಬಿಡಿ ತಂತಿಗಳ ಶ್ರುತಿಯನ್ನು ಮಟ್ಟಿಗೆ ತಕ್ಕಂತೆ ಕೂಡಿಸಬೇಕು. 17ನೇ ಶತಮಾನದ ಲ್ಯೂಟ್‌ಗಾರರು ಶ್ರುತಿ ಬದಲಿಸಲು ಹಿಂಜರಿದವರಲ್ಲ. ಮಟ್ಟು ಷಡ್ಜದಲ್ಲಿ ಮುಗಿಯದೆ ರಿಷಭದಲ್ಲೋ ಪಂಚಮದಲ್ಲೋ ನಿಂತರೆ ಅಲ್ಲೇ ನಿಲ್ಲಲು ಬಿಡಬೇಕು. ಅಂಥ ಮಟ್ಟು ಮುಗಿಯುವುದಿಲ್ಲ, ಸುತ್ತಿ ಮತ್ತೆ ಶುರುವಾಗುತ್ತದೆ. ಕೊನೆಗೆ ಒಂದು ಷಡ್ಜದ ಕಾರ್ಡು ಹಾಕಿ ಬಾಗಿಲು ಮುಚ್ಚುವುದು ಅದಕ್ಕೆ ಮಾಡುವ ಸಣ್ಣ ದ್ರೋಹ.

ಇಷ್ಟೆಲ್ಲ ಗಲಾಟೆ ಒಂದು ನಿಷಾದಕ್ಕಾಗಿಯೇ ಎಂದು ಯಾರಾದರೂ ಕೇಳಬಹುದು. ಹೌದು. ಅಚ್ಚಾದದ್ದು ಅಚ್ಚಿನಲ್ಲೇ ಉಳಿಯುವುದಿಲ್ಲ, ಬಾಯಿಗೆ ಇಳಿಯುತ್ತದೆ. ಸಂಪಾದಕ ತಿದ್ದಿದ ಮಟ್ಟನ್ನು ಶಾಲೆಯಲ್ಲಿ ಕಲಿತ ಮಗು ಮನೆಗೆ ಬಂದು, ಅಜ್ಜಿಯೇ ತಪ್ಪು ಹಾಡುತ್ತಿದ್ದಾಳೆ ಎನ್ನುತ್ತದೆ. ಜೇಮ್ಸ್ ಹಾಗ್ ಬರೆದಿಟ್ಟಿರುವಂತೆ, ಆತನ ತಾಯಿ ಮಾರ್ಗರೆಟ್ ಲೇಡ್ಲಾ ತನ್ನ ಲಾವಣಿಗಳನ್ನು ಅಚ್ಚು ಹಾಕಿದ ವಾಲ್ಟರ್ ಸ್ಕಾಟ್‌ಗೆ ಮುಖಕ್ಕೆ ಮುಖ ಕೊಟ್ಟು ಹೇಳಿದಳು: ಅವು ಹಾಡುವುದಕ್ಕಿದ್ದವು, ಓದುವುದಕ್ಕಲ್ಲ, ನೀನು ಕೆಡಿಸಿದೆ, ಇನ್ನು ಯಾರೂ ಹಾಡುವುದಿಲ್ಲ ಎಂಬ ಅರ್ಥದಲ್ಲಿ. ಆಕೆ ಹೇಳಿದ್ದು ಪದಗಳ ಬಗ್ಗೆ. ಮಟ್ಟಿಗೆ ಆದದ್ದೂ ಅದೇ. ಪದ ಬದಲಾದರೆ ಓದಿ ಹೋಲಿಸಬಹುದು. ಒಂದು ನಿಷಾದ ಬದಲಾದರೆ ಎರಡು ತಲೆಮಾರಿನ ನಂತರ ಬದಲಾಯಿತೆಂಬುದೂ ಯಾರ ನೆನಪಿನಲ್ಲೂ ಇರುವುದಿಲ್ಲ.

ಈ ವಿಷಯದಲ್ಲಿ ಸ್ಕಾಟ್ಲೆಂಡ್ ಅದೃಷ್ಟಶಾಲಿ. ಕಳೆದುಹೋದದ್ದರ ಸಾಕ್ಷಿ ಅದರ ಗ್ರಂಥಾಲಯಗಳಲ್ಲಿ, ಗೆರೆಗಳ ಮೇಲಿನ ಅಕ್ಷರಗಳಲ್ಲಿ, ಯಾವ ತಂತಿ ಯಾವ ಮೆಟ್ಟಿಲು ಎಂಬಷ್ಟು ಖಚಿತವಾಗಿ ಉಳಿದಿದೆ. ಅದನ್ನು ಓದಲು ಬಲ್ಲವರೇ ಇಂದು ಲ್ಯೂಟ್ ಹಿಡಿದು ಕೂತಿದ್ದಾರೆ. ಇಷ್ಟು ಕೈಯಲ್ಲಿದ್ದೂ ಥಾಮ್ಸನ್‌ನ ಗುಮಾಸ್ತಗಿರಿಯನ್ನೇ ಮುಂದುವರಿಸುವವರಿಗೆ ಅಜ್ಞಾನದ ನೆಪವೂ ಸಿಗುವುದಿಲ್ಲ.